ಮದ್ದೂರಿನಲ್ಲಿ ಹತ್ತಿ ಹೊಸಪೇಟೆಯಲ್ಲಿ ಏಳುವುದು

ಹಂಪಿ ಎಕ್ಸ್‌ಪ್ರೆಸ್ ಮದ್ದೂರಿನಲ್ಲಿ ನಿಲ್ಲುವುದು ಒಂದೆರಡು ನಿಮಿಷ ಅಷ್ಟೆ. ಮೈಸೂರಿನವರು ನಿಂತ ರೈಲಿಗೆ ನಿಧಾನವಾಗಿ ಹತ್ತಿ, ಬ್ಯಾಗನ್ನು ಸೀಟಿನಡಿ ತಳ್ಳಿ, ಕೆಳಗಿಳಿದು ಕಾಫಿ ಕುಡಿದು ಮತ್ತೆ ಹತ್ತುತ್ತಾರೆ. ಬೆಂಗಳೂರಿನವರಿಗೂ ಅಂಥ ಅವಸರವಿಲ್ಲ. ನಡುವಿನ ಊರಿನವರಾದ ನಮ್ಮ ಪಾಡೇ ಬೇರೆ. ಎಂಜಿನ್ನಿನ ದೀಪ ಕಂಡದ್ದೇ ತಡ, ಪ್ಲಾಟ್‌ಫಾರಂ ತುಂಬ ಓಡಾಟ. "ಎಸ್ ಫೋರ್ ಎಲ್ ಬತ್ತದೆ ಸಾ?" "ಮುಂದಕ್ ಹೋಗಿ." "ಇಲ್ಲ ಕಣಣ್ಣೋ, ಹಿಂದಕ್ಕೆ!"

ಮಳವಳ್ಳಿ ಕಡೆಯವರ ಕಷ್ಟ ಇನ್ನೂ ಒಂದು ಕೈ ಮೇಲು. ಆ ತಾಲ್ಲೂಕಿನಲ್ಲಿ ರೈಲು ಹಳಿಯೇ ಇಲ್ಲ. ಸುಮಾರು 25 ಕಿಲೋಮೀಟರ್ ಬಸ್ಸಿನಲ್ಲಿ ಬಂದು ಮದ್ದೂರಿನಲ್ಲಿ ರೈಲು ಹಿಡಿಯಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ಆದರೆ ಅಲ್ಲಿಂದೀಚೆಗೆ ದೂರದೂರಿನ ವಾಹನಗಳು ಊರ ತಲೆಯ ಮೇಲಿನ ಸೇತುವೆಯಲ್ಲೇ ಹಾದುಹೋಗುತ್ತವೆ. ಒಂದೆರಡು ನಿಮಿಷವಾದರೂ ನಿಂತು ನಮ್ಮನ್ನು ಹತ್ತಿಸಿಕೊಳ್ಳುವುದು ರೈಲೇ.

ಕೆಲಸದ ಮೇಲೆ ಹೊಸಪೇಟೆ ಕಡೆ ಇದ್ದಷ್ಟು ವರ್ಷ ತಿಂಗಳಿಗೆ ಎರಡು ಸಲವಾದರೂ ಈ ರೈಲಿನಲ್ಲಿ ಮಲಗಿದ್ದೇನೆ. ಆಗ ಕಲಿತದ್ದು ಇಷ್ಟು: ರಿಸರ್ವೇಶನ್ ನಿಯಮಗಳು ರೈಲು ಹೊರಡುವ ಊರನ್ನು ಲೆಕ್ಕಕ್ಕಿಟ್ಟುಕೊಂಡು ನಡೆಯುತ್ತವೆ. ನಡುವೆ ಹತ್ತುವವರು ಆ ಲೆಕ್ಕ ತಿಳಿದುಕೊಂಡರೆ ನಿದ್ದೆ ಸಿಗುತ್ತದೆ, ಇಲ್ಲದಿದ್ದರೆ ಬಾಗಿಲ ಬಳಿ ಪೇಪರ್ ಹಾಸಿಕೊಂಡು ಕೂರಬೇಕಾಗುತ್ತದೆ. ನಾನು ಎರಡನ್ನೂ ಮಾಡಿದ್ದೇನೆ.

ಮೊದಲು ರೈಲುಗಳ ಮಾತು. ಹಂಪಿ ಎಕ್ಸ್‌ಪ್ರೆಸ್ (16592) ಸಂಜೆ ಮೈಸೂರು ಬಿಟ್ಟು, ರಾತ್ರಿ ಎಂಟರ ಆಸುಪಾಸಿನಲ್ಲಿ ಮದ್ದೂರಿಗೆ ಬರುತ್ತದೆ. ಬೆಂಗಳೂರು, ಹಿಂದೂಪುರ, ಗುಂತಕಲ್ಲು, ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಹಾದು ಹುಬ್ಬಳ್ಳಿಗೆ ಹೋಗುತ್ತದೆ. ಚೆನ್ನೈಗೆ ಕಾವೇರಿ ಎಕ್ಸ್‌ಪ್ರೆಸ್ ಇದೆ. ಶಿವಮೊಗ್ಗ, ಸಾಗರದ ಕಡೆಗೆ ಬೆಂಗಳೂರು ಮೇಲೆ ಹೋಗುವ ತಾಳಗುಪ್ಪದ ರಾತ್ರಿ ರೈಲು, ತಿರುಪತಿಗೆ ಚಾಮರಾಜನಗರದಿಂದ ಬರುವ ರೈಲು, ಮಧುರೆ ಕಡೆಗೆ ತೂತುಕುಡಿ ಎಕ್ಸ್‌ಪ್ರೆಸ್. ವಿಜಯಪುರದ ಕಡೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್. ಮಂಗಳೂರು, ಮುರ್ಡೇಶ್ವರಕ್ಕೆ ಹೋಗುವ ರೈಲು ಮಾತ್ರ ಉಲ್ಟಾ ದಿಕ್ಕಿನದು. ಅದು ಬೆಂಗಳೂರಿನಿಂದ ಬಂದು ಮಂಡ್ಯ, ಮೈಸೂರು, ಹಾಸನದ ಮೇಲೆ ಘಟ್ಟ ಇಳಿಯುತ್ತದೆ. ಎಲ್ಲವೂ ಮದ್ದೂರಿನಲ್ಲಿ ನಿಲ್ಲುತ್ತವೆ ಎಂದುಕೊಳ್ಳಬೇಡಿ, ಕೆಲವಕ್ಕೆ ಮಂಡ್ಯಕ್ಕೇ ಹೋಗಬೇಕು. ಸಮಯಗಳೂ ಬದಲಾಗುತ್ತಿರುತ್ತವೆ. ಹೊರಡುವ ದಿನ 139ಕ್ಕೆ ಫೋನ್ ಮಾಡಿಯೋ, ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲೋ ನೋಡಿಕೊಂಡು ಮನೆ ಬಿಡಿ.

ಟಿಕೆಟ್ ಬುಕಿಂಗ್ ಪ್ರಯಾಣಕ್ಕೆ 60 ದಿನ ಮೊದಲು ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. 2024ರ ನವೆಂಬರ್ 1ಕ್ಕೆ ಮೊದಲು ಇದು 120 ದಿನವಿತ್ತು. ದಸರಾ, ದೀಪಾವಳಿ, ಬೇಸಿಗೆ ರಜೆಗಾದರೆ ಆ ಮೊದಲ ದಿನವೇ ಮಾಡಿಸಬೇಕು. ಉಳಿದ ದಿನಗಳಲ್ಲಿ ಅಷ್ಟು ತರಾತುರಿ ಬೇಡ.

ಇಲ್ಲೇ ನಡುವೂರಿನವರ ಮೊದಲ ಗಂಟು. ರೈಲಿನ ಎಲ್ಲ ಬರ್ತ್‌ಗಳೂ ಎಲ್ಲ ಊರಿಗೂ ಸಮವಾಗಿ ಹಂಚಿರುವುದಿಲ್ಲ. ಹೊರಡುವ ಊರಿನಿಂದ ದೂರ ಹೋಗುವವರಿಗೆ ಸಾಮಾನ್ಯ ಕೋಟಾ, ಅದರಲ್ಲಿ ಬರ್ತ್ ಹೆಚ್ಚು. ನಡುವೆ ಹತ್ತಿ ಇಳಿಯುವವರಿಗೆ ಎಷ್ಟೋ ಸಲ ಪೂಲ್ಡ್ ಕೋಟಾ ಅಥವಾ ರಿಮೋಟ್ ಲೊಕೇಶನ್ ಕೋಟಾ, ಅದರಲ್ಲಿ ಬರ್ತ್ ಬೆರಳೆಣಿಕೆಯಷ್ಟು. ವೇಟಿಂಗ್ ಲಿಸ್ಟ್ ಬಂದಾಗ ಟಿಕೆಟ್ಟಿನ ಮೇಲೆ ಜಿಎನ್‌ಡಬ್ಲ್ಯುಎಲ್ ಇದೆಯೋ, ಪಿಕ್ಯೂಡಬ್ಲ್ಯುಎಲ್ ಇದೆಯೋ, ಆರ್‌ಎಲ್‌ಡಬ್ಲ್ಯುಎಲ್ ಇದೆಯೋ ನೋಡಿ. ಮೊದಲನೆಯ ಸಾಲಿನಲ್ಲಿ 20ನೆಯವರಾಗಿದ್ದರೂ ಆಸೆ ಇಟ್ಟುಕೊಳ್ಳಬಹುದು. ಉಳಿದೆರಡರಲ್ಲಿ 8ನೆಯವರಾಗಿದ್ದರೂ ನಾನಾದರೆ ಬಸ್ಸಿನ ಸೀಟೂ ನೋಡಿಟ್ಟುಕೊಳ್ಳುತ್ತೇನೆ.

ಹಾಗಾಗಿ ನಮ್ಮ ಕಡೆ ಬಲ್ಲವರು ಒಂದು ದಾರಿ ಹಿಡಿಯುತ್ತಾರೆ. ಮದ್ದೂರಿನಿಂದ ವೇಟಿಂಗ್ ತೋರಿಸುತ್ತಿದ್ದರೆ ಮೈಸೂರಿನಿಂದ ಎಷ್ಟಿದೆ ಎಂದು ನೋಡುತ್ತಾರೆ. ಬರ್ತ್ ಇದ್ದರೆ ಮೈಸೂರಿನಿಂದಲೇ ಟಿಕೆಟ್ ಮಾಡಿ, ಬೋರ್ಡಿಂಗ್ ಪಾಯಿಂಟ್ ಮದ್ದೂರು ಎಂದು ಹಾಕುತ್ತಾರೆ. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ಮೈಸೂರಿನಿಂದ ಹೊಸಪೇಟೆಗೂ ಮದ್ದೂರಿನಿಂದ ಹೊಸಪೇಟೆಗೂ ಇರುವ ವ್ಯತ್ಯಾಸ ದೊಡ್ಡದಲ್ಲ. ಇದು ಕಳ್ಳದಾರಿಯೂ ಅಲ್ಲ, ಟಿಕೆಟ್ ಮಾಡುವಾಗಲೇ ಬೋರ್ಡಿಂಗ್ ಊರು ಯಾವುದು ಎಂದು ಕೇಳುವ ಜಾಗವಿದೆ. ಮರೆತರೆ, ಪ್ರಯಾಣಕ್ಕೆ 24 ಗಂಟೆಗೂ ಮೊದಲೇ ಬದಲಿಸಿಕೊಳ್ಳಿ. ಒಮ್ಮೆ ಬದಲಿಸಿದ ಮೇಲೆ ಮೊದಲಿನ ಊರಿನಿಂದ ಹತ್ತುವ ಹಕ್ಕು ಹೋಗುತ್ತದೆ ಎಂಬುದೂ ನೆನಪಿರಲಿ.

ನಾನು ಒಮ್ಮೆ ಮರೆತಿದ್ದೆ. ಮೈಸೂರಿನಿಂದ ಟಿಕೆಟ್, ಬೋರ್ಡಿಂಗೂ ಮೈಸೂರೇ. ಮದ್ದೂರಿನಲ್ಲಿ ಧಾವಂತದಿಂದ ಹತ್ತಿ ನನ್ನ 20ನೇ ನಂಬರಿನ ಹತ್ತಿರ ಹೋದರೆ ಅಲ್ಲಿ ಒಬ್ಬ ಹುಡುಗ ಬೆಡ್‌ಶೀಟ್ ಹಾಸುತ್ತಿದ್ದ. ಆರ್‌ಎಸಿಯಲ್ಲಿದ್ದವನಂತೆ. ಮಂಡ್ಯ ಬರುವಷ್ಟರಲ್ಲಿ ಟಿಸಿ ನನ್ನನ್ನು 'ಬಂದಿಲ್ಲ' ಎಂದು ಬರೆದುಕೊಂಡು ಅವನಿಗೆ ಕೊಟ್ಟಾಗಿತ್ತು. ಅವರದ್ದೇನೂ ತಪ್ಪಿರಲಿಲ್ಲ. ಈಗಂತೂ ಟಿಸಿ ಕೈಯಲ್ಲಿ ಟ್ಯಾಬ್ ಇರುತ್ತದೆ, ಖಾಲಿ ಎಂದು ಒತ್ತಿದ ಗಳಿಗೆಯಲ್ಲೇ ಬರ್ತ್ ಮುಂದಿನವರ ಪಾಲು. ಆ ರಾತ್ರಿ ನಾನು ಪೇಪರ್ ಹಾಸಿಕೊಂಡವರ ಪೈಕಿ.

ಆರ್‌ಎಸಿ ಎಂದರೆ ಹತ್ತಲು ಅಡ್ಡಿಯಿಲ್ಲ, ಆದರೆ ಒಂದು ಸೈಡ್ ಲೋಯರ್ ಬರ್ತನ್ನು ಇಬ್ಬರು ಹಂಚಿಕೊಂಡು ಕೂರಬೇಕು. ಯಾರಾದರೂ ಬಾರದಿದ್ದರೆ, ಟಿಕೆಟ್ ರದ್ದಾದರೆ ಪೂರ್ತಿ ಬರ್ತ್ ಸಿಗುತ್ತದೆ. ವೇಟಿಂಗ್ ಲಿಸ್ಟ್ ಹಾಗಲ್ಲ. ಆನ್‌ಲೈನ್ ಟಿಕೆಟ್ ಆದರೆ ಚಾರ್ಟ್ ಆದ ಮೇಲೂ ವೇಟಿಂಗ್‌ನಲ್ಲೇ ಉಳಿದದ್ದು ತಾನಾಗಿ ರದ್ದಾಗಿ ಹಣ ಖಾತೆಗೆ ಬರುತ್ತದೆ. ಕೌಂಟರಿನಲ್ಲಿ ಕೊಂಡ ಕಾಗದದ ಟಿಕೆಟ್ ಕೈಯಲ್ಲಿದ್ದರೆ ಸ್ಲೀಪರಿಗೆ ಹತ್ತಬಹುದು ಎಂಬ ನಂಬಿಕೆ ನಮ್ಮೂರಿನಲ್ಲಿ ಇನ್ನೂ ಇದೆ. ಅದು ಹೋಯಿತು, 2025ರ ಮೇ 1ರಿಂದ ಬಿಗಿಯಾಗಿದೆ. ವೇಟಿಂಗ್ ಟಿಕೆಟ್ಟಿಗೆ ಜನರಲ್ ಬೋಗಿಯೇ ಗತಿ.

ಚಾರ್ಟ್ ಬಹುಕಾಲ ರೈಲು ಹೊರಡುವ ನಾಲ್ಕು ಗಂಟೆ ಮೊದಲು ಆಗುತ್ತಿತ್ತು. ಮಧ್ಯಾಹ್ನವಿಡೀ ಪಿಎನ್ಆರ್ ಒತ್ತುತ್ತ ಕೂರುವುದೇ ಒಂದು ಕೆಲಸ. 2025ರ ಜುಲೈನಿಂದ ಅದಕ್ಕೂ ಬಹಳ ಮುಂಚೆ ಮಾಡುತ್ತಿದ್ದಾರೆ. ಮಳವಳ್ಳಿಯಿಂದ ಬಸ್ಸು ಹತ್ತಬೇಕಾದವರಿಗೆ ಇದು ನಿಜಕ್ಕೂ ಉಪಕಾರ: ಬರ್ತ್ ಇಲ್ಲವೆಂದು ಮನೆಯಲ್ಲೇ ಗೊತ್ತಾಗುತ್ತದೆ.

ಇನ್ನು ತತ್ಕಾಲ್. ಪ್ರಯಾಣದ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲಿಗೆ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು. 10.55ಕ್ಕೆ ಜೋಡಿಸಲು ಕೂತರೆ ಆಗುವ ಕೆಲಸವಲ್ಲ, ಇವತ್ತೇ ಮಾಡಿಟ್ಟುಕೊಳ್ಳಿ. 'ಹಿಂದಿನ ದಿನ' ಎಂಬುದನ್ನು ಎಣಿಸುವುದೂ ರೈಲು ಹೊರಡುವ ಊರಿನ ತಾರೀಕಿನಿಂದ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಬಿಡಿಗಾಸೂ ವಾಪಸ್ಸಿಲ್ಲ.

ತಾರೀಕಿನ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಮದ್ದೂರಿನಲ್ಲಿ ಸಂಜೆ, ರಾತ್ರಿ ಹತ್ತುವವರಿಗೆ ಗೊಂದಲವಿಲ್ಲ. ಹನ್ನೆರಡು ದಾಟಿದ ಮೇಲೆ ಹತ್ತುವ ಊರಾದರೆ ಹುಷಾರು. ಶನಿವಾರ ಊಟ ಮಾಡಿ ಸ್ಟೇಷನ್ನಿಗೆ ಹೋಗಿ 12.40ರ ರೈಲು ಹತ್ತುವವನ ಟಿಕೆಟ್ಟಿನಲ್ಲಿ ಭಾನುವಾರದ ತಾರೀಕು ಇರಬೇಕು. ಶನಿವಾರದ್ದು ಇದ್ದರೆ ಅವನ ರೈಲು ಹಿಂದಿನ ರಾತ್ರಿಯೇ ಹೋಗಿರುತ್ತದೆ.

ಅಪ್ಪನ ಬದಲು ಮಗ ಹೊರಡಬೇಕಾಗಿ ಬಂದರೆ? ಕನ್ಫರ್ಮ್ ಟಿಕೆಟ್ಟನ್ನು ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿಯ ಹೆಸರಿಗೆ ವರ್ಗಾಯಿಸಬಹುದು. 24 ಗಂಟೆ ಮೊದಲೇ ರಿಸರ್ವೇಶನ್ ಕೌಂಟರಿಗೆ ಅರ್ಜಿ ಮತ್ತು ಸಂಬಂಧದ ದಾಖಲೆ ಕೊಡಬೇಕು. ಒಮ್ಮೆ ಮಾತ್ರ. ಭಾವಮೈದುನನಿಗೆ ಸಿಗುವುದಿಲ್ಲ, ನಾನು ಕೇಳಿ ನೋಡಿದ್ದೇನೆ.

ಈಗ ಬರ್ತ್. ನಂಬರು ನೋಡಿದರೆ ಮೇಲೋ ಕೆಳಗೋ ಎಂದು ಹೇಳಲು ಎಂಟರ ಮಗ್ಗಿ ಬಂದರೆ ಸಾಕು. ಸ್ಲೀಪರ್ ಮತ್ತು ಎಸಿ ತ್ರೀ ಟಯರಿನಲ್ಲಿ ಒಂದು ಅಂಕಣಕ್ಕೆ ಎಂಟು ಬರ್ತ್. ನಿಮ್ಮ ನಂಬರನ್ನು ಎಂಟರಿಂದ ಭಾಗಿಸಿ. 1 ಅಥವಾ 4 ಉಳಿದರೆ ಕೆಳಗಿನದು, 2 ಅಥವಾ 5 ಉಳಿದರೆ ನಡುವಿನದು, 3 ಅಥವಾ 6 ಆದರೆ ಮೇಲಿನದು. 7 ಉಳಿದರೆ ಸೈಡ್ ಲೋಯರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. ನನ್ನ ಕೈತಪ್ಪಿದ 20ನೇ ನಂಬರು ಎಂಟೆರಡಲ ಹದಿನಾರು, ಉಳಿದದ್ದು ನಾಲ್ಕು, ಅಂದರೆ ಕೆಳಗಿನ ಬರ್ತ್. ಹೊಟ್ಟೆ ಉರಿದದ್ದು ಅದಕ್ಕೇ.

ಹಳೆಯ ನೀಲಿ ಬೋಗಿಗಳಲ್ಲಿ, ಅಂದರೆ ಪೆರಂಬೂರಿನ ಐಸಿಎಫ್ ಮಾದರಿಯವುಗಳಲ್ಲಿ, ಸ್ಲೀಪರಿನ ಬರ್ತ್ 72. ಜರ್ಮನ್ ಮೂಲದ ಎಲ್‌ಎಚ್‌ಬಿ ಬೋಗಿ ಉದ್ದ, ಅದರಲ್ಲಿ 80. ಅಂದಹಾಗೆ, ರೈಲ್ವೆ ಎಂಜಿನಿಯರುಗಳ ಭಾಷೆಯಲ್ಲಿ ಬೋಗಿ ಎಂದರೆ ಕೆಳಗಿನ ಚಕ್ರಗಳ ಚೌಕಟ್ಟು ಮಾತ್ರ. ಜನ ಕೂರುವುದು ಕೋಚಿನಲ್ಲಿ. ನಾವು ಇಡೀ ಡಬ್ಬಿಗೇ ಬೋಗಿ ಎಂದುಬಿಟ್ಟಿದ್ದೇವೆ, ಈಗ ಅದನ್ನು ತಿದ್ದಲು ಹೋಗುವವರು ಯಾರು? ಎರಡು ತುದಿಯಲ್ಲೂ ಶೌಚಾಲಯ ಇರುವುದರಿಂದ 1ರಿಂದ 8, ಕೊನೆಯ ಎಂಟು ಇವು ರಾತ್ರಿಯಿಡೀ ಬಾಗಿಲು ಬಡಿಯುವ ಜಾಗ. 30ರಿಂದ 45ರ ನಡುವೆ ಸಿಕ್ಕಿದರೆ ಪುಣ್ಯ.

ಕೆಳಗಿನ ಬರ್ತ್ ಎಲ್ಲರಿಗೂ ಬೇಕು, ಆದರೆ ಒಬ್ಬರೇ ಹೋಗುವ ಗಟ್ಟಿಮುಟ್ಟಾದವರಿಗೆ ಮೇಲಿನದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಯಾರೂ ಏಳಿಸುವುದಿಲ್ಲ, ಬ್ಯಾಗು ತಲೆದಿಂಬಾಗುತ್ತದೆ, ಎಷ್ಟು ಹೊತ್ತಿಗೆ ಬೇಕಾದರೂ ಮಲಗಬಹುದು. ಕೆಳಗಿನವರು ರಾತ್ರಿ 10ರವರೆಗೆ ಮತ್ತು ಬೆಳಿಗ್ಗೆ 6ರ ಮೇಲೆ ಉಳಿದವರಿಗೆ ಕೂರಲು ಜಾಗ ಬಿಡಬೇಕು, ಅದು ನಿಯಮ. ನಡುವಿನ ಬರ್ತ್ ಎತ್ತಿ ಕಟ್ಟುವ ಹೊತ್ತೂ 10ರಿಂದ 6. ಕಟ್ಟುವಾಗ ಎರಡು ಕಡೆಯ ಸರಪಳಿಯೂ ಕೊಂಡಿಗೆ ಪೂರ್ತಿ ಕೂತಿದೆಯೇ ಎಂದು ಕೈಯಿಂದ ಒಮ್ಮೆ ಜಗ್ಗಿ ನೋಡಿ. ಕೆಳಗೆ ಮಲಗುವವರೇ ನೋಡಿದರೆ ಇನ್ನೂ ಒಳ್ಳೆಯದು, ಬಿದ್ದರೆ ಬೀಳುವುದು ಅವರ ಮೇಲೆ. ಸೈಡ್ ಲೋಯರ್ ಎರಡು ಸೀಟಿನ ಬೆನ್ನು ಮಡಚಿದರೆ ಹಾಸಿಗೆಯಾಗುತ್ತದೆ. ನಡುವೆ ಒಂದು ಸಂದು ಬೆನ್ನಿಗೆ ಒತ್ತುತ್ತದೆ, ಮಡಚಿದ ಜಮಖಾನ ಒಂದಿದ್ದರೆ ಸರಿಹೋಗುತ್ತದೆ.

ಟಿಕೆಟ್ ಮಾಡುವಾಗ 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಲೋಯರ್ ಬರ್ತ್ ಕೋಟಾ ಇದೆ. ಹಿರಿಯರ ದರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತರೂ ಇದು ಉಳಿದಿದೆ. ಅದು ಸಿಗದೆ ಮೇಲಿನದು ಬಂದವರು ಏನು ಮಾಡುತ್ತಾರೆ? ಕೇಳುತ್ತಾರೆ. ಒಮ್ಮೆ ಮಳವಳ್ಳಿ ಕಡೆಯ ಅಜ್ಜಿಯೊಬ್ಬರು ನನ್ನ ಮುಂದೆ ಬಂದು ನಿಂತು, "ಮಗಾ, ಮ್ಯಾಕೆ ಹತ್ತಕ್ಕಾಗಕಿಲ್ಲ ಕಣಪ್ಪ, ಮಂಡಿ ನೋವು. ನಿನ್ ಜಾಗ ಬುಟ್ಕೊಡೀಯಾ?" ಎಂದರು. "ಮನೀಕೊ ಕಣವ್ವ" ಎಂದು ಎದ್ದೆ. ಟಿಸಿ ಬಂದಾಗ ಅದಲುಬದಲಾದದ್ದನ್ನು ಹೇಳಿದರೆ ಮುಗಿಯಿತು, ಯಾರದೂ ತಕರಾರಿರುವುದಿಲ್ಲ.

ದರದ ಮಾತೂ ಒಂದಿಷ್ಟು. ಎಸಿ ತ್ರೀ ಟಯರಿಗೆ ಸ್ಲೀಪರಿನ ಸುಮಾರು ಎರಡೂವರೆ ಪಟ್ಟು ಬೀಳುತ್ತದೆ. ಅದರಲ್ಲಿ ದಿಂಬು, ಹೊದಿಕೆ, ಎರಡು ಬೆಡ್‌ಶೀಟಿನ ಕಟ್ಟು ಸೇರಿದೆ. ಸ್ಲೀಪರಿನಲ್ಲಿ ಏನೂ ಕೊಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಅನಂತಪುರ ದಾಟುವ ಹೊತ್ತಿಗೆ ಕಿಟಕಿ ಸಂದಿನ ಗಾಳಿ ಕೊರೆಯುತ್ತದೆ, ಕಂಬಳಿ ಮರೆಯಬೇಡಿ. ಬೇಸಿಗೆಯಲ್ಲಿ ಅದೇ ಗಾಳಿಗಾಗಿ ಜನ ಎಸಿ ಬಿಟ್ಟು ಸ್ಲೀಪರಿಗೆ ಬರುವುದೂ ಉಂಟು.

ಊಟಕ್ಕೆ ಮದ್ದೂರಿನವರಿಗೆ ವಡೆಯಿದೆ. ವಡೆ ಹುಟ್ಟಿದ್ದೂ ರೈಲಿನಿಂದಲೇ ಅನ್ನುತ್ತಾರೆ. 1917ರಲ್ಲಿ ಇದೇ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ರೈಲು ಬಂದೇಬಿಟ್ಟಿತೆಂದು ಅವಸರದಲ್ಲಿ ಹಿಟ್ಟನ್ನು ತಟ್ಟಿ ಕರಿದದ್ದೇ ಮದ್ದೂರು ವಡೆಯಾಯಿತು ಎಂಬುದು ಊರಿನ ಕಥೆ. ಒಂದೆರಡು ನಿಮಿಷದ ನಿಲುಗಡೆಯಲ್ಲಿ ಓಡಾಡುವ ನಮಗೆ ಆ ಅವಸರ ಚೆನ್ನಾಗಿ ಅರ್ಥವಾಗುತ್ತದೆ. ರವೆ, ಈರುಳ್ಳಿಯ ಗರಿಗರಿ ವಡೆ ಮರುದಿನ ಬೆಳಗಿನವರೆಗೂ ತಡೆಯುತ್ತದೆ. ಕಾಯಿ ಚಟ್ನಿ ತಡೆಯುವುದಿಲ್ಲ, ಅದನ್ನು ಬಿಡದಿ ದಾಟುವಷ್ಟರಲ್ಲಿ ಮುಗಿಸಿ.

ಇನ್ನು ಆ ಒಂದೆರಡು ನಿಮಿಷ. ಕಾಲು ಗಂಟೆ ಮೊದಲೇ ಬಂದು, ಯಾವ ಪ್ಲಾಟ್‌ಫಾರಂ ಎಂದು ಅನೌನ್ಸ್‌ಮೆಂಟ್ ಕೇಳಿಸಿಕೊಂಡು, ಮೇಲ್ಸೇತುವೆ ಹತ್ತುವುದಿದ್ದರೆ ಮೊದಲು ಹತ್ತಿಬಿಡಿ. ಬೋಗಿಗಳ ಕ್ರಮ ಆ್ಯಪಿನಲ್ಲಿ ಎಂಜಿನ್ನಿನಿಂದ ಎಣಿಸಿ ತೋರಿಸುತ್ತದೆ. ನಿಮ್ಮದು ಮುಂದಿನದೋ ಹಿಂದಿನದೋ ಎಂದಾದರೂ ತಿಳಿದಿರಲಿ. ಆದರೂ ತಪ್ಪಿದರೆ ಪ್ಲಾಟ್‌ಫಾರಂ ಮೇಲೆ ಓಡಬೇಡಿ. ಎದುರಿಗೆ ಬಂದ ಸ್ಲೀಪರ್ ಬಾಗಿಲು ಯಾವುದಾದರೂ ಸರಿ, ಹತ್ತಿ. ಒಳಗೆ ಬೋಗಿಯಿಂದ ಬೋಗಿಗೆ ದಾರಿ ಇದೆ, ರಾಮನಗರ ಬರುವಷ್ಟರಲ್ಲಿ ನಿಮ್ಮ ಜಾಗ ಸೇರಿರುತ್ತೀರಿ. ಜನರಲ್ ಬೋಗಿಗೆ ಮಾತ್ರ ಹತ್ತಬೇಡಿ, ಅಲ್ಲಿಂದ ಆಚೆ ಬರಲಾಗದೆ ಬೆಂಗಳೂರಿನವರೆಗೆ ಒಂಟಿ ಕಾಲಿನಲ್ಲಿ ನಿಲ್ಲಬೇಕಾದೀತು.

ಹತ್ತಿದರೆ ನಿಮ್ಮ ಬರ್ತಿನ ಮೇಲೆ ನಾಲ್ಕು ಜನ ಕೂತಿರುತ್ತಾರೆ. ಮೈಸೂರು, ಮಂಡ್ಯದಿಂದ ಬೆಂಗಳೂರಿಗೆ ಹೊರಟವರು. ಜಗಳ ಬೇಡ. ಹೇಗೂ ಹತ್ತು ಗಂಟೆಯಾಗಿಲ್ಲ, ಬೆಂಗಳೂರಿನಲ್ಲಿ ಅವರು ಇಳಿಯುತ್ತಾರೆ. ಆ ಹೊತ್ತಿನಲ್ಲಿ ಬ್ಯಾಗನ್ನು ಸೀಟಿನಡಿ ಇಟ್ಟು, ಅಲ್ಲಿರುವ ಕಬ್ಬಿಣದ ಬಳೆಗೆ ಸರಪಳಿ ಬೀಗ ಹಾಕಿ. ಫೋನ್ ಚಾರ್ಜಿಗೆ ಹಾಕಿ, ಏಕೆಂದರೆ ಬೆಂಕಿ ಅಪಾಯ ತಪ್ಪಿಸಲು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟಿನ ಕರೆಂಟು ನಿಲ್ಲಿಸುವ ಕ್ರಮ ಹಲವು ರೈಲುಗಳಲ್ಲಿದೆ. ಟಿಕೆಟ್, ಮೂಲ ಗುರುತಿನ ಚೀಟಿ ಅಂಗಿಯ ಜೇಬಿನಲ್ಲಿರಲಿ. ಡಿಜಿಲಾಕರಿನಲ್ಲಿರುವ ಆಧಾರ್ ಆದರೂ ನಡೆಯುತ್ತದೆ.

ಬೆಂಗಳೂರಿನಲ್ಲಿ ಅರ್ಧ ರೈಲು ಇಳಿದು ಒಂದು ರೈಲಿನಷ್ಟು ಜನ ಹತ್ತುತ್ತಾರೆ. ಭಾಷೆಯ ದನಿಯೂ ಅಲ್ಲಿಂದ ಬದಲಾಗುತ್ತದೆ. "ಸ್ವಲ್ಪ ಸರ್‍ಕೊಳ್ಳಿ ಸಾ" ಹೋಗಿ "ಸ್ವಲ್ಪ ಸರೀರಿ ಯಪ್ಪಾ" ಬರುತ್ತದೆ. ದೀಪ ಆರಿಸಿದ ಮೇಲೆ ಫೋನಿನಲ್ಲಿ ಜೋರಾಗಿ ಸಿನಿಮಾ ನೋಡುವವರಿಗೆ ಒಮ್ಮೆ ಹೇಳಿ, ಕೇಳದಿದ್ದರೆ 139. ಹತ್ತರ ಮೇಲೆ ಸದ್ದು ಮಾಡಬಾರದೆಂಬ ನಿಯಮವಿದೆ. ಕಳವು, ಕಿರುಕುಳ, ಕಾಯಿಲೆ ಏನೇ ಇದ್ದರೂ ಅದೇ ನಂಬರು. ಮೊದಲು ರೈಲ್ವೆ ರಕ್ಷಣಾ ಪಡೆಗೆ ಬೇರೆ ಇದ್ದ 182 ಈಗ ಅದರಲ್ಲೇ ಸೇರಿದೆ.

ನೀವು ಮಲಗಿದ್ದಾಗ ರೈಲು ಆಂಧ್ರಕ್ಕೆ ಹೋಗಿ ಬಂದಿರುತ್ತದೆ. ಹಿಂದೂಪುರ, ಧರ್ಮಾವರ, ಗುಂತಕಲ್ಲು ಎಲ್ಲ ನಿದ್ದೆಯಲ್ಲೇ ಕಳೆದು, ಬಳ್ಳಾರಿಯಲ್ಲಿ ಚಹಾ ಮಾರುವವರ ಕೂಗಿಗೆ ಮತ್ತೆ ಕರ್ನಾಟಕ. ಅಲಾರಂ ಇಡುವುದಾದರೆ ಬಳ್ಳಾರಿಯ ಸಮಯಕ್ಕೆ ಇಡಿ. ಎದ್ದು, ರೈಲು ಎಷ್ಟು ತಡವಾಗಿದೆ ನೋಡಿ, ತಡವಿದ್ದರೆ ಮತ್ತೆ ಮಲಗಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಿಟಕಿಯಲ್ಲಿ ಕಂಡರೆ ಹೊದಿಕೆ ಮಡಚುವ ಹೊತ್ತು. ಹೊಸಪೇಟೆಯಿಂದ ಹಂಪಿಗೆ 13 ಕಿಲೋಮೀಟರ್, ಬಸ್ಸು, ಆಟೊ ಬೇಕಾದಷ್ಟಿವೆ.

ವಾಪಸ್ ಬರುವಾಗ ಎಚ್ಚರ ತಪ್ಪುವ ಜಾಗ ಬೇರೆ. ಹುಬ್ಬಳ್ಳಿಯಿಂದ ಮರಳುವ ಹಂಪಿ ಎಕ್ಸ್‌ಪ್ರೆಸ್ (16591) ಬೆಳಿಗ್ಗೆ ಬೆಂಗಳೂರಿಗೆ ಬಂದಾಗ ಬೋಗಿಯೇ ಖಾಲಿಯಾಗುತ್ತದೆ. ಕಿಟಕಿಯ ಎಳೆ ಬಿಸಿಲಿಗೆ ಮತ್ತೊಂದು ಸುತ್ತು ನಿದ್ದೆ ಹತ್ತುತ್ತದೆ, ಅದೇ ಅಪಾಯ. ರಾಮನಗರ, ಚನ್ನಪಟ್ಟಣ ಆದ ಮೇಲೆ ಬಾಗಿಲ ಕಡೆ ನಡೆದುಬಿಡಿ. ಮದ್ದೂರು ತಪ್ಪಿದರೆ ಮಂಡ್ಯದಲ್ಲಿ ಇಳಿದು ಬಸ್ಸಿನಲ್ಲಿ ಹಿಂದಕ್ಕೆ ಬರಬೇಕು. ಅದೂ ತಪ್ಪಿದರೆ, ನನ್ನಂತೆ, ಪಾಂಡವಪುರದ ಪ್ಲಾಟ್‌ಫಾರಂನಲ್ಲಿ ನಿಂತು ಮನೆಗೆ ಫೋನ್ ಮಾಡಿ, "ರೈಲು ಲೇಟು ಕಣೇ" ಎನ್ನಬೇಕಾಗುತ್ತದೆ.